ಕೆಮ್ಮು ಎಣಿಸುವ ಮುಂಚೆ ಪೂರ್ತಿ ರೆಕಾರ್ಡಿಂಗ್ ಕೇಳಿ

ಕ್ವಿಜ್‌ನಲ್ಲಿ ಯಾರೋ ಕೆಮ್ಮಿ ಉತ್ತರದ ಸುಳಿವು ಕೊಟ್ಟರು ಎಂಬ ಆರೋಪ ಬಂದರೆ, ಆ ಕೆಮ್ಮು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಬೇಕು. ಪ್ರೇಕ್ಷಕರ ಸಾಲಿನಲ್ಲಿ ಒಬ್ಬರು ಕೆಮ್ಮಿದರೆ ಆ ಸದ್ದು ಹಾಲ್‌ನಲ್ಲಿರುವ ಎಲ್ಲ ಮೈಕುಗಳಿಗೂ ಒಂದೇ ಹೊತ್ತಿಗೆ ಮುಟ್ಟುವುದಿಲ್ಲ. ಹತ್ತಿರದ ಮೈಕಿಗೆ ಮೊದಲು, ದೂರದ ಮೈಕಿಗೆ ಆಮೇಲೆ. 20 ಡಿಗ್ರಿ ತಂಪಿನ ಸ್ಟುಡಿಯೊದಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಒಂದು ಮೈಕಿಗಿಂತ ಇನ್ನೊಂದು 10 ಮೀಟರ್ ದೂರವಿದ್ದರೆ ಅದಕ್ಕೆ ಕೆಮ್ಮು 29 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ, ಏಸಿ ಇಲ್ಲದ 40 ಡಿಗ್ರಿಯ ಹಾಲ್‌ನಲ್ಲಾದರೆ ಸದ್ದಿನ ವೇಗ 355 ಮೀಟರಿಗೆ ಏರಿ, ತಡ 28 ಮಿಲಿಸೆಕೆಂಡಿಗೆ ಇಳಿಯುತ್ತದೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಹಾಗಾಗಿ ಚಿತ್ರ ನೋಡಿ ಈ ವ್ಯತ್ಯಾಸ ಹಿಡಿಯಲು ಸಾಧ್ಯವೇ ಇಲ್ಲ. ಆಡಿಯೊದಲ್ಲಿ ಮಾತ್ರ ಹಿಡಿಯಬಹುದು. ಅಲ್ಲಿ ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಳತೆಗಳು, ಇರುತ್ತವೆ. 29 ಮಿಲಿಸೆಕೆಂಡ್ ಅಂದರೆ ಹತ್ತಿರ ಹತ್ತಿರ 1,400 ಸ್ಯಾಂಪಲ್. ಟೈಮ್‌ಲೈನ್ ಹಿಗ್ಗಿಸಿದರೆ ಎರಡು ಟ್ರ್ಯಾಕ್‌ಗಳಲ್ಲಿ ಒಂದೇ ಕೆಮ್ಮಿನ ಅಲೆ ಎಷ್ಟು ಹಿಂದೆಮುಂದೆ ಇದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಎರಡು ಮೈಕಿದ್ದರೆ ಕೆಮ್ಮಿದವರು ಯಾವ ಕಡೆ ಕೂತಿದ್ದರು ಎಂದು ಗೊತ್ತಾಗುತ್ತದೆ. ಮೂರಿದ್ದರೆ ಯಾವ ಸಾಲು ಎಂಬಲ್ಲಿಗೆ ಬಂದು ನಿಲ್ಲಬಹುದು.

ಇದಕ್ಕೆಲ್ಲ ಒಂದೇ ಷರತ್ತು: ಪ್ರತಿ ಮೈಕಿನ ಟ್ರ್ಯಾಕ್ ಬೇರೆ ಬೇರೆಯಾಗಿ ಉಳಿದಿರಬೇಕು. ಮಿಕ್ಸರ್‌ನಲ್ಲಿ ಎಲ್ಲವನ್ನೂ ಕಲಸಿ ಎರಡು ಚಾನೆಲ್‌ಗೆ ಇಳಿಸಿದ ಮೇಲೆ ಆ ಕೆಮ್ಮು ಎಲ್ಲಿಂದ ಬಂತು ಎಂದು ಯಾರೂ ಹೇಳಲಾರರು.

ಇಷ್ಟು ಸಣ್ಣ ಲೆಕ್ಕದಿಂದ ಶುರು ಮಾಡಲು ಕಾರಣವಿದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಕಾಲೇಜು ಕ್ವಿಜ್‌ಗಳು ಈಗ ಲೋಕಲ್ ಕೇಬಲ್‌ನಲ್ಲೂ ಯೂಟ್ಯೂಬ್‌ನಲ್ಲೂ ಬರುತ್ತವೆ. ಫೈನಲ್ ಮುಗಿದ ಸಂಜೆಯೇ ಇಪ್ಪತ್ತು ಸೆಕೆಂಡಿನ ತುಣುಕೊಂದು ವಾಟ್ಸಾಪ್‌ನಲ್ಲಿ ಓಡಾಡಲು ಶುರುವಾದರೆ, ಜೊತೆಗೆ ‘ನೋಡ್ರಿ, ಸರ್ ಹ್ಯಾಂಗ ಸನ್ನಿ ಮಾಡಾಕತ್ತಾರ’ ಎಂಬ ಒಕ್ಕಣೆ ಇದ್ದರೆ, ಗೆದ್ದ ಹುಡುಗಿಯ ಹೆಸರಿಗೆ ಅಂಟಿದ ಮಸಿ ವರ್ಷಗಟ್ಟಲೆ ಹೋಗುವುದಿಲ್ಲ. ನಿಜಕ್ಕೂ ಮೋಸ ಆಗಿದ್ದರೂ ಆ ತುಣುಕಿನಿಂದ ಅದು ಸಾಬೀತಾಗುವುದಿಲ್ಲ. ಎರಡೂ ಅನ್ಯಾಯವೇ.

ಈ ವಿಷಯಕ್ಕೆ ಜಗತ್ತಿನಲ್ಲೇ ಹೆಚ್ಚು ಚರ್ಚೆಯಾದ ಉದಾಹರಣೆ ಬ್ರಿಟನ್ನಿನದು. ನಮ್ಮ ‘ಕೌನ್ ಬನೇಗಾ ಕರೋಡ್‌ಪತಿ’, 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’, ಬಳ್ಳಾರಿ ಮನೆಗಳಲ್ಲಿ ನೋಡುತ್ತಿದ್ದ ತೆಲುಗಿನ ‘ಮೀಲೊ ಎವರು ಕೋಟೀಶ್ವರುಡು’ ಎಲ್ಲವೂ ಅಲ್ಲಿನ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಕಾರ್ಯಕ್ರಮದ ಮಕ್ಕಳು. 2001ರ ಸೆಪ್ಟೆಂಬರ್ 9 ಮತ್ತು 10ರಂದು ಅಲ್ಲಿನ ಸೇನೆಯ ಮೇಜರ್ ಚಾರ್ಲ್ಸ್ ಇಂಗ್ರಾಮ್ ಹಾಟ್ ಸೀಟಿನಲ್ಲಿದ್ದರು. ಮೊದಲ ದಿನದ ಕೊನೆಗೆ 4,000 ಪೌಂಡ್, ಎರಡು ಲೈಫ್‌ಲೈನ್ ಖರ್ಚು. ಎರಡನೇ ದಿನ 10 ಲಕ್ಷ ಪೌಂಡ್ ಗೆದ್ದರು. ಚೆಕ್ಕಿನ ಹಣ ಕೈಸೇರಲಿಲ್ಲ. ಹೆಂಡತಿ ಡಯಾನಾ, ಮತ್ತು ಸ್ಪರ್ಧಿಗಳ ಸಾಲಿನಲ್ಲಿ ಕೂತಿದ್ದ ಟೆಕ್ವೆನ್ ವಿಟ್ಟಾಕ್ ಕೆಮ್ಮಿ ಸುಳಿವು ಕೊಟ್ಟರು ಎಂಬುದು ಆರೋಪ. ಆ ರಾತ್ರಿಯ ರೆಕಾರ್ಡಿಂಗ್‌ನಲ್ಲಿ ಒಟ್ಟು 192 ಕೆಮ್ಮು. ಅದರಲ್ಲಿ ಸ್ಪರ್ಧಿಗಳ ಸಾಲಿನಿಂದ ಬಂದವು 32. ಆ 32ರಲ್ಲಿ 19 ‘ಅರ್ಥವಿರುವ’ ಕೆಮ್ಮು ಎಂದು ಪ್ರಾಸಿಕ್ಯೂಷನ್ ವಾದಿಸಿತು. 2003ರ ಏಪ್ರಿಲ್‌ನಲ್ಲಿ ಲಂಡನ್ನಿನ ಸದಕ್ ಕ್ರೌನ್ ಕೋರ್ಟ್ ಮೂವರನ್ನೂ ತಪ್ಪಿತಸ್ಥರೆಂದಿತು. ದಂಪತಿಗೆ 18 ತಿಂಗಳು, ವಿಟ್ಟಾಕ್‌ಗೆ 12 ತಿಂಗಳು, ಎಲ್ಲವೂ ಅಮಾನತಿನಲ್ಲಿಟ್ಟ ಶಿಕ್ಷೆ, ಮೇಲೆ ದಂಡ. ಕೆಲವೇ ದಿನಗಳಲ್ಲಿ ಟಿ.ವಿ.ಯಲ್ಲಿ ಸಾಕ್ಷ್ಯಚಿತ್ರ ಬಂತು, ಕೆಮ್ಮುಗಳ ಸದ್ದು ಜೋರು ಮಾಡಿ ಕೇಳಿಸಿ. ಅವತ್ತಿನಿಂದ ನೋಡುಗರಿಗೆ ಕಿವಿಯಲ್ಲಿ ಉಳಿದದ್ದು ಆ ಜೋರು ಮಾಡಿದ ಕೆಮ್ಮು. ಸ್ಟುಡಿಯೊದಲ್ಲಿ ಎದುರಿಗೇ ಕೂತಿದ್ದ ನಿರೂಪಕ ಕ್ರಿಸ್ ಟ್ಯಾರಂಟ್‌ಗೆ ಆ ಹೊತ್ತಿನಲ್ಲಿ ಅನುಮಾನ ಬಂದಿರಲಿಲ್ಲ.

ಕೋರ್ಟ್ ತಪ್ಪು ಮಾಡಿತು ಎಂದು ಇಲ್ಲಿ ವಾದಿಸುತ್ತಿಲ್ಲ. ನನಗೆ ಆ ಪ್ರಕರಣದಲ್ಲಿ ಕೆಮ್ಮಿಗಿಂತ ಬಲವಾಗಿ ಕಾಣುವುದು ಇಂಗ್ರಾಮ್ ಬಾಯಿಂದಲೇ ಬಂದ ಮಾತು. ಬ್ಯಾರನ್ ಹೌಸ್ಮನ್ ಯಾವ ನಗರದ ಯೋಜನೆಗೆ ಹೆಸರುವಾಸಿ ಎಂಬ 5 ಲಕ್ಷ ಪೌಂಡಿನ ಪ್ರಶ್ನೆಗೆ ಬರ್ಲಿನ್ ಕಡೆ ವಾಲಿದ್ದವರು ಪ್ಯಾರಿಸ್‌ಗೆ ತಿರುಗಿದರು. ಒಂದರ ಮುಂದೆ ನೂರು ಸೊನ್ನೆ ಇರುವ ಸಂಖ್ಯೆಯ ಹೆಸರೇನು ಎಂಬ ಕೊನೆಯ ಪ್ರಶ್ನೆಗೆ ಮೊದಲು ನ್ಯಾನೋಮೋಲ್ ಎಂದವರು, ಗೂಗಾಲ್ (googol) ಎಂದರೇನೆಂದೇ ತನಗೆ ಗೊತ್ತಿಲ್ಲ ಎನ್ನುತ್ತ ಗೂಗಾಲ್ ಲಾಕ್ ಮಾಡಿಸಿದರು. ಗೊತ್ತಿರುವ ಮನುಷ್ಯ ಮನಸ್ಸು ಬದಲಿಸುವಾಗ ಏನಾದರೂ ಕಾರಣ ಹೇಳುತ್ತಾನೆ. ಕಾರಣವಿಲ್ಲದೆ ದಿಕ್ಕು ಬದಲಾದ ಕ್ಷಣವನ್ನು ಗುರುತು ಹಾಕಿಕೊಳ್ಳಬೇಕು. ಆದರೆ ಅದನ್ನು ನೋಡಲೂ ಪೂರ್ತಿ ಮಾತು ಬೇಕು, ಕತ್ತರಿಸಿದ್ದಲ್ಲ.

ಈಗ ಎಣಿಕೆಗೆ ಬರೋಣ, ಎಲ್ಲರೂ ಎಡವುವುದು ಇಲ್ಲೇ. ನಾಲ್ಕು ಆಯ್ಕೆ ಇವೆ, ಸ್ಪರ್ಧಿ ನಾಲ್ಕನ್ನೂ ಜೋರಾಗಿ ಓದುತ್ತಾನೆ ಎನ್ನಿ. ಸುಮ್ಮನೆ ಬಂದ ಕೆಮ್ಮು ಸರಿ ಉತ್ತರದ ಹಿಂದೆಯೇ ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹತ್ತಕ್ಕೆ ಹತ್ತೂ ಕೆಮ್ಮು ಸರಿ ಉತ್ತರದ ಹಿಂದೆ ಬಿದ್ದರೆ ಅದು ಆಕಸ್ಮಿಕವಾಗಿರುವ ಸಾಧ್ಯತೆ 10,48,576ರಲ್ಲಿ 1. ಇದನ್ನು ಕೇಳಿದವರು ಕಳ್ಳ ಸಿಕ್ಕ ಎನ್ನುವುದು ಸಹಜ. ಆದರೆ ಹಾಲ್‌ನಲ್ಲಿ ಬಂದದ್ದು ಒಟ್ಟು 40 ಕೆಮ್ಮು ಆಗಿದ್ದರೆ? 40ರ ನಾಲ್ಕನೇ ಒಂದು ಭಾಗ ಹತ್ತು. ಯಾರೂ ಮೋಸ ಮಾಡದಿದ್ದರೂ ಸರಾಸರಿ ಹತ್ತು ಕೆಮ್ಮು ಸರಿ ಉತ್ತರದ ಹಿಂದೆ ಬೀಳುತ್ತವೆ ಎಂದು ಲೆಕ್ಕವೇ ಹೇಳುತ್ತದೆ. ಎಡಿಟರ್ ಆ ಹತ್ತನ್ನು ಇಟ್ಟುಕೊಂಡು ಉಳಿದ ಮೂವತ್ತನ್ನು ತೆಗೆದರೆ, ಒಂದೇ ಒಂದು ಸುಳ್ಳು ಸದ್ದು ಸೇರಿಸದೆ, ಹತ್ತು ಲಕ್ಷಕ್ಕೊಂದು ಎಂಬಂಥ ಕಳ್ಳತನ ತಯಾರಾಗುತ್ತದೆ.

ನಾಲ್ಕರಲ್ಲಿ ಒಂದು ಎಂಬುದೂ ಪೂರ್ತಿ ಸರಿಯಲ್ಲ. ಸ್ಪರ್ಧಿ ಒಲಿದ ಆಯ್ಕೆಯನ್ನು ಮತ್ತೆ ಮತ್ತೆ ಹೇಳುತ್ತಾನೆ. ಎಂಟು ಸಲ ಬಾಯಿ ತೆರೆದಾಗ ಐದು ಸಲ ಸರಿ ಉತ್ತರವನ್ನೇ ಉಚ್ಚರಿಸಿದ್ದರೆ, ಸುಮ್ಮನೆ ಬಂದ ಕೆಮ್ಮೂ ಎಂಟಕ್ಕೆ ಐದರಂತೆ ಅದರ ಹಿಂದೆಯೇ ಬೀಳುತ್ತದೆ. ಇನ್ನೊಂದು ವಿಷಯ: ಪ್ರಶ್ನೆ ಓದುವಾಗ ಮಂದಿ ಕೆಮ್ಮು ತಡೆದುಕೊಂಡು, ಮಾತು ನಿಂತ ಕೂಡಲೆ ಬಿಡುತ್ತಾರೆ. ಹಾಗಾಗಿ ಕೆಮ್ಮು ಗುಂಪುಗುಂಪಾಗಿ ವಿರಾಮದ ಜಾಗದಲ್ಲೇ ಬರುತ್ತದೆ.

ಹಾಗಾದರೆ ಎಣಿಸುವುದು ಹೇಗೆ? ಸರಿ ಉತ್ತರ ಗೊತ್ತಿಲ್ಲದ ಇಬ್ಬರನ್ನು ಬೇರೆ ಬೇರೆ ಕೂರಿಸಿ, ಹೆಡ್‌ಫೋನ್ ಕೊಟ್ಟು, ಮೊದಲಿನಿಂದ ಕೊನೆವರೆಗೆ ಕೇಳಿಸಬೇಕು. ಪ್ರತಿ ಕೆಮ್ಮಿಗೂ ಒಂದು ಸಾಲು: ಟೈಮ್‌ಕೋಡ್ (ರೆಕಾರ್ಡಿಂಗಿನಲ್ಲಿ ಅದು ಬಂದ ಹೊತ್ತು), ಅದಕ್ಕೆ ಮುಂಚೆ ಉಚ್ಚರಿಸಿದ ಆಯ್ಕೆ, ಎಷ್ಟು ಸೆಕೆಂಡಿನ ಅಂತರ, ಯಾವ ಮೈಕಿನಲ್ಲಿ ಜೋರು. ‘ಹಿಂದೆ ಬಂತು’ ಅಂದರೆ ಎಷ್ಟು ಸೆಕೆಂಡಿನೊಳಗೆ ಎಂಬುದನ್ನು ಕೇಳುವ ಮುಂಚೆಯೇ ಬರೆದಿಡಬೇಕು, 2 ಸೆಕೆಂಡ್ ಎನ್ನಿ. ಕೇಳಿದ ಮೇಲೆ ಅದನ್ನು 3ಕ್ಕೆ ಎಳೆಯುವಂತಿಲ್ಲ. ಇಬ್ಬರ ಪಟ್ಟಿ ತಾಳೆಯಾದ ಮೇಲಷ್ಟೇ ಸರಿ ಉತ್ತರಗಳ ಲಕೋಟೆ ಒಡೆಯುವುದು. ಸರಿ ಉತ್ತರಗಳನ್ನು ಮೊದಲೇ ತಿಳಿದವನ ಕಿವಿಗೆ ತಪ್ಪು ಉತ್ತರದ ಹಿಂದಿನ ಕೆಮ್ಮು ಕೇಳಿಸುವುದೇ ಇಲ್ಲ.

‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯನ್ನು ಎಡಿಟಿಂಗ್ ಟೇಬಲ್ಲಿನ ಗೋಡೆಗೆ ಬರೆದು ಹಚ್ಚಬೇಕು. ರೆಕಾರ್ಡ್ ಮಾಡಿದ ಟಿ.ವಿ. ಕ್ವಿಜ್‌ಗಳು ಸಾಮಾನ್ಯವಾಗಿ ನಡೆದ ವೇಗದಲ್ಲಿ ಪ್ರಸಾರವಾಗುವುದಿಲ್ಲ. ನಾಲ್ಕು ನಿಮಿಷದ ಯೋಚನೆ ಮನೆಯಲ್ಲಿ ನಾಲ್ವತ್ತು ಸೆಕೆಂಡ್ ಆಗಿ ಕಾಣುತ್ತದೆ. ಅದರಲ್ಲಿ ತಪ್ಪಿಲ್ಲ. ಮೊಟಕು ಮಾಡುವುದು ಬೇರೆ, ಹಿಂದಿನದನ್ನು ಮುಂದೆ ತರುವುದು ಬೇರೆ. ಈ ಎರಡನೆಯದನ್ನು ನಾನು ಒಪ್ಪುವುದಿಲ್ಲ. ಅದು ಎಷ್ಟು ಸಲೀಸು ಎಂಬುದಕ್ಕೆ 2007ರಲ್ಲಿ ಬಿಬಿಸಿ ಪತ್ರಕರ್ತರಿಗೆ ತೋರಿಸಿದ ಒಂದು ಟ್ರೇಲರ್ ಸಾಕು. ಫೋಟೊ ತೆಗೆಯುವಾಗ ಕಿರೀಟ ತೆಗೆಯಿರಿ ಎಂದಿದ್ದಕ್ಕೆ ರಾಣಿ ಎಲಿಜಬೆತ್ ಸಿಟ್ಟಾಗಿ ಎದ್ದು ಹೋದಂತೆ ಅದರಲ್ಲಿ ಕಂಡಿತು. ನಿಜದಲ್ಲಿ ಆ ನಡಿಗೆ ಅವರು ಫೋಟೊಗೆಂದು ಒಳಗೆ ಬರುತ್ತಿದ್ದಾಗಿನದು. ಎರಡೂ ಶಾಟ್ ಅಸಲಿ, ಅನುಕ್ರಮ ಮಾತ್ರ ತಲೆಕೆಳಗು. ಬಿಬಿಸಿ ಕ್ಷಮೆ ಕೇಳಿತು, ಬಿಬಿಸಿ ಒನ್ ಮುಖ್ಯಸ್ಥ ಪೀಟರ್ ಫಿಂಚಮ್ ಅದೇ ವರ್ಷ ರಾಜೀನಾಮೆ ಕೊಟ್ಟರು.

ಕ್ವಿಜ್ ತುಣುಕಿನಲ್ಲಿ ಇದೇ ಕೆಲಸಕ್ಕೆ ಬಳಕೆಯಾಗುವುದು ರಿಯಾಕ್ಷನ್ ಶಾಟ್, ಅಂದರೆ ಕೇಳುತ್ತಿರುವವರ ಮುಖ ತೋರಿಸುವ ಶಾಟ್. ಎರಡನೇ ಸುತ್ತಿನಲ್ಲಿ ಮೇಷ್ಟ್ರು ಪಕ್ಕದವರ ಮಾತಿಗೆ ತಲೆಯಾಡಿಸಿದ್ದನ್ನು ತಂದು ಐದನೇ ಸುತ್ತಿನ ಪ್ರಶ್ನೆಯ ಮೇಲೆ ಕೂರಿಸಿದರೆ ಸನ್ನೆ ತಯಾರು. ಹಿಡಿಯುವುದು ಹೇಗೆಂದರೆ, ಮುಖ ಬಿಟ್ಟು ಸುತ್ತಲಿನದನ್ನು ನೋಡಿ: ಮೇಜಿನ ಮೇಲಿನ ನೀರಿನ ಲೋಟದ ಮಟ್ಟ, ಕೊರಳ ಹಾರ, ಹಿಂದಿನ ಸಾಲಿನಲ್ಲಿ ಖಾಲಿಯಾದ ಕುರ್ಚಿ, ಕಿಟಕಿಯಿಂದ ಬೀಳುವ ಬಿಸಿಲಿನ ಪಟ್ಟಿ. ಸದ್ದಿನಲ್ಲಾದರೆ ಫ್ಯಾನ್. ನಮ್ಮ ಹಾಲ್‌ಗಳಲ್ಲಿ ಫ್ಯಾನಿನ ಗುಂಯ್ ಒಂದೇ ಸಮ ಇರುತ್ತದೆ. ಕಟ್ ಬಿದ್ದಲ್ಲಿ ಅದು ಚಕ್ಕನೆ ಜಿಗಿಯುತ್ತದೆ. ಜಾಣ ಎಡಿಟರ್ ಆ ಜಿಗಿತದ ಮೇಲೆ ಬರೀ ರೂಮ್ ಟೋನ್ (ಯಾರೂ ಮಾತಾಡದಾಗಿನ ಹಾಲ್‌ನ ಸದ್ದು) ಹಾಸಿ ಮುಚ್ಚುತ್ತಾನೆ, ಅಥವಾ ಚಪ್ಪಾಳೆ ಎಳೆದು ತರುತ್ತಾನೆ. ಮುಖ್ಯವಾದ ಮಾತು ಕೇಳಿಸುವಾಗ ಆಡುವವರ ಬಾಯಿ ಪರದೆಯ ಮೇಲೆ ಇಲ್ಲದೆ ಬೇರೆಯವರ ಮುಖ ಇದ್ದರೆ, ಅಲ್ಲಿ ನಿಲ್ಲಿಸಿ ಮತ್ತೊಮ್ಮೆ ಕೇಳಿ.

ಹಾಗೆಂದು ಕತ್ತರಿ ಬೀಳದ ವಿಡಿಯೊ ಪ್ರಾಮಾಣಿಕ ಎಂದೂ ಅಲ್ಲ. 1956ರಲ್ಲಿ ಅಮೆರಿಕದ ಎನ್‌ಬಿಸಿಯಲ್ಲಿ ‘ಟ್ವೆಂಟಿ ಒನ್’ ನೇರ ಪ್ರಸಾರವಾಗುತ್ತಿತ್ತು, ಎಡಿಟಿಂಗ್ ಮಾತೇ ಇಲ್ಲ. ಆದರೂ ಎಲ್ಲ ನಾಟಕ. ನಿರ್ಮಾಪಕರೇ ಹರ್ಬರ್ಟ್ ಸ್ಟೆಂಪೆಲ್‌ಗೆ ಉತ್ತರ ಕೊಟ್ಟು, ಆಮೇಲೆ ಗೊತ್ತಿದ್ದ ಉತ್ತರವನ್ನೇ ತಪ್ಪು ಹೇಳಿಸಿ ಚಾರ್ಲ್ಸ್ ವ್ಯಾನ್ ಡೋರೆನ್‌ನನ್ನು ಗೆಲ್ಲಿಸಿದರು. ವ್ಯಾನ್ ಡೋರೆನ್ 1959ರ ನವೆಂಬರ್‌ನಲ್ಲಿ ಸಂಸತ್ ಸಮಿತಿಯ ಮುಂದೆ ಒಪ್ಪಿಕೊಂಡರು. 1960ರಲ್ಲಿ ಕ್ವಿಜ್ ಫಲಿತಾಂಶ ತಿರುಚುವುದು ಅಲ್ಲಿ ಅಪರಾಧವಾಯಿತು. ಆ ತನಿಖೆಯಲ್ಲಿ ಗಟ್ಟಿಯಾಗಿ ನಿಂತ ಸಾಕ್ಷಿ ವಿಡಿಯೊ ಅಲ್ಲ, ಅಂಚೆ ಲಕೋಟೆ. ಜೇಮ್ಸ್ ಸ್ನಾಡ್‌ಗ್ರಾಸ್ ಎಂಬ ಸ್ಪರ್ಧಿ ತನಗೆ ಮೊದಲೇ ಹೇಳಿಕೊಟ್ಟ ಪ್ರಶ್ನೆ, ಉತ್ತರಗಳನ್ನು ಬರೆದು ಕಾರ್ಯಕ್ರಮಕ್ಕೆ ಮುಂಚೆಯೇ ತನ್ನ ವಿಳಾಸಕ್ಕೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡಿದ್ದ. ಒಡೆಯದ ಲಕೋಟೆ, ಮೇಲೆ ಅಂಚೆ ಮುದ್ರೆಯ ತಾರೀಖು.

ಅದೃಷ್ಟ ಮತ್ತು ಅಭ್ಯಾಸವನ್ನೂ ಮೋಸ ಎನ್ನಬಾರದು. 1984ರಲ್ಲಿ ಸಿಬಿಎಸ್‌ನ ‘ಪ್ರೆಸ್ ಯುವರ್ ಲಕ್’ನಲ್ಲಿ ಮೈಕೆಲ್ ಲಾರ್ಸನ್ ಗೆದ್ದದ್ದು 1,10,237 ಡಾಲರ್. ಬೋರ್ಡಿನಲ್ಲಿ ಓಡುವ ದೀಪವನ್ನು ಗುಂಡಿ ಒತ್ತಿ ನಿಲ್ಲಿಸುವ ಆಟವದು. ಅದರ 18 ಚೌಕಗಳಲ್ಲಿ ದೀಪ ಓಡುವ ಕ್ರಮ ಬರೀ ಐದೇ ಎಂದು ಮನೆಯಲ್ಲಿ ಕೂತು ಕಂಡುಹಿಡಿದು ಬಾಯಿಪಾಠ ಮಾಡಿದ್ದ. ನಿಯಮ ಮುರಿದಿರಲಿಲ್ಲ, ಹಣ ಕೊಟ್ಟರು. ತಪ್ಪು ಬೋರ್ಡು ಮಾಡಿದವರದು.

ನಮ್ಮ ಜಿಲ್ಲೆಗಳ ಕ್ವಿಜ್‌ಗಳಲ್ಲಿ ಮೋಸದ ಆರೋಪ ಹೆಚ್ಚಾಗಿ ಹುಟ್ಟುವುದು ಕೆಟ್ಟ ಪ್ರಶ್ನೆಯಿಂದ. ಒಂದೇ ಉದಾಹರಣೆ ಹತ್ತಿರದಿಂದ ನೋಡೋಣ. ‘ಅಶೋಕನ ಹೆಸರು ಇರುವ ಶಾಸನ ಎಲ್ಲಿದೆ?’ ಮಸ್ಕಿ ಎಂದು ಕ್ವಿಜ್ ಮಾಸ್ಟರ್ ಕಾರ್ಡಿನಲ್ಲಿರುತ್ತದೆ. ಸಿರುಗುಪ್ಪ ಕಡೆಯ ಹುಡುಗ ನಿಟ್ಟೂರು ಎನ್ನುತ್ತಾನೆ. ಇಬ್ಬರೂ ಸರಿ! ಮಸ್ಕಿಯದು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್‌ಗೆ ಸಿಕ್ಕಿತು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಅದರಿಂದ ಗಟ್ಟಿಯಾಯಿತು. ಆದರೆ ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಂ ಶಾಸನಗಳಲ್ಲೂ ಅಶೋಕ ಎಂಬ ಹೆಸರು ಕಂಡಿತು. ಪ್ರಶ್ನೆಗೆ ‘1915ರಲ್ಲಿ ಸಿಕ್ಕ’ ಎಂಬ ಎರಡು ಪದ ಸೇರಿಸಿದ್ದರೆ ಜಗಳವಿಲ್ಲ. ಸೇರಿಸದೆ ಹುಡುಗನಿಗೆ ಸೊನ್ನೆ ಕೊಟ್ಟರೆ ಅವನ ಊರಿನವರು ಪಕ್ಷಪಾತ ಎನ್ನುತ್ತಾರೆ, ಮರುದಿನ ಅದೇ ಹತ್ತು ಸೆಕೆಂಡು ಕತ್ತರಿಸಿ ಹಂಚುತ್ತಾರೆ. ಪ್ರತಿ ಪ್ರಶ್ನೆಯನ್ನೂ ವಿಷಯ ಬಲ್ಲ ಇನ್ನೊಬ್ಬರಿಗೆ ತೋರಿಸಿ ‘ಬೇರೆ ಯಾವ ಉತ್ತರ ಸರಿಯಾಗಬಹುದು?’ ಎಂದು ಕೇಳುವುದಕ್ಕಿಂತ ಒಳ್ಳೆಯ ಕಾವಲು ಇಲ್ಲ. ಬಹುಮಾನದ ಮಾತೂ ಇಲ್ಲೇ ಹೇಳಿಬಿಡುತ್ತೇನೆ: ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ ‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನ ಪುಸ್ತಕ. ರೊಕ್ಕದ ಬದಲು ಪುಸ್ತಕವಿಟ್ಟರೆ ಸಂಚು ಹೂಡುವ ಆಸೆಯೇ ಕಡಿಮೆ. ಕಾಲೇಜು ಕ್ವಿಜ್‌ಗೆ ಇದು ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರೆಕಾರ್ಡಿಂಗ್ ವಿಷಯಕ್ಕೆ ಬಂದರೆ, ಎಷ್ಟು ಕ್ಯಾಮೆರಾ ಇದ್ದರೂ ಒಂದನ್ನು ಮಾತ್ರ ಮುಟ್ಟಬಾರದು. ಹಾಲ್‌ನ ಹಿಂದೆ ಟ್ರೈಪಾಡ್ ಮೇಲೆ, ವೇದಿಕೆ, ಸ್ಪರ್ಧಿಗಳು, ಮುಂದಿನ ಎರಡು ಸಾಲು ಮತ್ತು ಒಂದು ಗೋಡೆ ಗಡಿಯಾರ ಎಲ್ಲವೂ ಬರುವಂತೆ ವೈಡ್ ಶಾಟ್. ಜೂಮ್ ಇಲ್ಲ, ಪ್ಯಾನ್ ಇಲ್ಲ, ಊಟದ ವಿರಾಮದಲ್ಲೂ ನಿಲ್ಲಿಸುವಂತಿಲ್ಲ. ಸೆಕೆಂಡಿಗೆ 50 ಮೆಗಾಬಿಟ್ ದರದಲ್ಲಿ ಗಂಟೆಗೆ 22.5 ಜಿಬಿ ಬೇಕು. ಮೂರು ಗಂಟೆಗೆ 67.5. 128 ಜಿಬಿ ಕಾರ್ಡು ಧಾರಾಳ, 64 ಜಿಬಿಯದು ಸರಿಯಾಗಿ ಫೈನಲ್ ಸುತ್ತಿಗೆ ಕೈಕೊಡುತ್ತದೆ. ಹಳೆಯ ಡಿಎಸ್‌ಎಲ್‌ಆರ್ ಬಳಸಬೇಡಿ, ಬಹಳಷ್ಟು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. ಕೆಲವು ಕ್ಯಾಮೆರಾ 4 ಜಿಬಿಗೊಮ್ಮೆ ಫೈಲ್ ತುಂಡು ಮಾಡುತ್ತವೆ, ಅಂದರೆ ಹನ್ನೊಂದು ಚಿಲ್ಲರೆ ನಿಮಿಷಕ್ಕೊಂದು ಫೈಲ್. ಕಾಪಿ ಮಾಡುವಾಗ ನಡುವಿನ ಒಂದು ಬಿಟ್ಟುಹೋದರೆ ಅದು ಬೇಕೆಂದೇ ಕತ್ತರಿಸಿದಂತೆ ಕಾಣುತ್ತದೆ. ಫೈಲ್ ಸಂಖ್ಯೆಗಳು ಅನುಕ್ರಮವಾಗಿವೆಯೇ ಎಂದು ಅಲ್ಲೇ ಎಣಿಸಿ.

ಮೈಕುಗಳಿಗೆ ಒಂದೇ ಮಲ್ಟಿಟ್ರ್ಯಾಕ್ ರೆಕಾರ್ಡರ್ ಇರಲಿ. ಬೇರೆ ಬೇರೆ ರೆಕಾರ್ಡರ್ ಇಟ್ಟರೆ ಅವುಗಳ ಗಡಿಯಾರ ಹೊಂದುವುದಿಲ್ಲ. ಹತ್ತು ಲಕ್ಷಕ್ಕೆ 20 ಭಾಗದಷ್ಟು ವ್ಯತ್ಯಾಸ ಇದ್ದರೂ ಮೂರು ಗಂಟೆಗೆ 216 ಮಿಲಿಸೆಕೆಂಡ್ ಜಾರುತ್ತದೆ; ನಾವು ಹುಡುಕುವ 29 ಮಿಲಿಸೆಕೆಂಡ್ ಅದರಲ್ಲಿ ಮುಳುಗಿಹೋಗುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಪ್ರತಿ ಸುತ್ತಿನ ಶುರುವಿಗೂ ಕೊನೆಗೂ ಎಲ್ಲ ಮೈಕಿಗೂ ಕೇಳುವಂತೆ, ಗುರುತು ಹಾಕಿದ ಒಂದೇ ಜಾಗದಿಂದ, ಒಂದು ಚಪ್ಪಾಳೆ ತಟ್ಟಿ.

ಕರೆಂಟಿನದೂ ಒಂದು ಸಂಗತಿ ಇದೆ. ಲೈನಿನ 50 ಹರ್ಟ್ಸ್ ಗುಂಯ್ ಸಣ್ಣಗೆ ಬಹಳಷ್ಟು ರೆಕಾರ್ಡಿಂಗ್‌ಗಳಲ್ಲಿ ಕೂರುತ್ತದೆ, ಅದು ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ಏರಿಳಿಯುತ್ತದೆ. ವಿಧಿವಿಜ್ಞಾನದವರು ಆ ಏರಿಳಿತದ ಗೆರೆ ಎಲ್ಲಿ ತುಂಡಾಗಿದೆ ಎಂದು ನೋಡಿ ಕಟ್ ಹಿಡಿಯುತ್ತಾರೆ. ಆದರೆ ಜೆಸ್ಕಾಂ ಲೈನಿನಿಂದ ಜನರೇಟರ್‌ಗೆ ಬದಲಾದ ಕ್ಷಣದಲ್ಲೂ ಆ ಗೆರೆ ಹಾಗೆಯೇ ಮುರಿಯುತ್ತದೆ. ಕರೆಂಟ್ ಹೋದ, ಬಂದ ಹೊತ್ತನ್ನು ನಿಮಿಷ ಸಮೇತ ಸ್ಕೋರ್ ಶೀಟಿನ ಅಂಚಿನಲ್ಲಿ ಬರೆದಿಡಿ. ಇಲ್ಲದಿದ್ದರೆ ಅಸಲಿ ರೆಕಾರ್ಡಿಂಗೇ ನಕಲಿ ಎನಿಸಿಕೊಳ್ಳುತ್ತದೆ.

ತುಣುಕು ನಿಮ್ಮ ಫೋನಿಗೆ ಬಂದಾಗ ಮೊದಲು ಕೇಳಬೇಕಾದದ್ದು ಪೂರ್ತಿ ಫೈಲ್, ಅದೂ ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಅಲ್ಲ. ಹಾಗೆ ಕಳಿಸಿದರೆ ಅದು ಮತ್ತೆ ಕುಗ್ಗುತ್ತದೆ, ಫೈಲಿನೊಳಗಿನ ವಿವರ ಅಳಿಯುತ್ತದೆ. ಪೆನ್‌ಡ್ರೈವ್‌ನಲ್ಲಿ ತನ್ನಿ, ಇಲ್ಲವೇ, ಫೈಲ್ ಚಿಕ್ಕದಿದ್ದರೆ, ಡಾಕ್ಯುಮೆಂಟ್ ಆಗಿ ಕಳಿಸಿ. ವಿಷಯ ಪೊಲೀಸ್, ಕೋರ್ಟ್ ತನಕ ಹೋದರೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಹಳೆಯ ಕಾಯ್ದೆಯಲ್ಲಿ ಇದು 65ಬಿ ಆಗಿತ್ತು. ಈಗಿನ ನಮೂನೆಯಲ್ಲಿ ಎರಡು ಭಾಗ, ಒಂದನ್ನು ಫೈಲ್ ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು.

ಹ್ಯಾಶ್ ಎಂದರೆ ಹೆದರಬೇಕಿಲ್ಲ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಆದೇಶಕ್ಕೆ ಫೈಲಿನ ಹೆಸರು ಕೊಟ್ಟು ಎಸ್‌ಎಚ್‌ಎ-256 ಕೇಳಿದರೆ 64 ಅಕ್ಷರ, ಅಂಕಿಗಳ ಒಂದು ಸಾಲು ಬರುತ್ತದೆ. ಫೈಲಿನ ಹೆಸರು ಬದಲಿಸಿದರೆ ಆ ಸಾಲು ಬದಲಾಗುವುದಿಲ್ಲ. ಒಳಗಿನ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಯೂಟ್ಯೂಬ್‌ಗೆ ಏರಿಸಿ ಇಳಿಸಿದ ಪ್ರತಿಗೆ ಅದು ಹೊಂದುವುದಿಲ್ಲ, ಹಾಗಾಗಿ ಕಾರ್ಡಿನಿಂದ ನೇರವಾಗಿ ತೆಗೆದ ಫೈಲಿಗೇ ಮಾಡಬೇಕು. ವೇದಿಕೆ ಬಿಚ್ಚುವ ಮುಂಚೆ, ಬಹುಮಾನ ಹಂಚಿದ ಹತ್ತೇ ನಿಮಿಷದಲ್ಲಿ ಮಾಡಿ. ಆ 64 ಅಕ್ಷರಗಳನ್ನು ಪ್ರಶ್ನೆ ಪತ್ರಿಕೆಯ ಖಾಲಿ ಲಕೋಟೆಯ ಮೇಲೆ ಪೆನ್ನಿನಲ್ಲಿ ನಾಲ್ಕು ನಾಲ್ಕರ ಗುಂಪು ಮಾಡಿ ಬರೆದು, ತಾರೀಖು, ಹೊತ್ತು ಹಾಕಿ, ಗೆದ್ದ ತಂಡದ ಮೇಷ್ಟ್ರು, ಸೋತ ತಂಡದ ಮೇಷ್ಟ್ರು ಇಬ್ಬರಿಂದಲೂ ಸಹಿ ಹಾಕಿಸಿ. ಲಕೋಟೆಯ ಒಂದು ಫೋಟೊ ಎರಡೂ ತಂಡದ ಬಳಿ ಇರಲಿ, ಕಾರ್ಡು ಅದರೊಳಗೇ ಇರಲಿ.